ಬಿಡಿ ಹಲಗೆಗಳ ಮಾದರಿ ರೈಲುಮಾರ್ಗ: ಮನೆಯಲ್ಲಿ ಕಟ್ಟುವ ಕ್ರಮ

ಬಿಡಿ ಹಲಗೆಗಳ ಮೇಲೆ ಹಳಿ ಹಾಕಿ, ಬೇಕೆಂದಾಗ ಅವುಗಳನ್ನು ಒಂದಕ್ಕೊಂದು ಸೇರಿಸಿ ಗಾಡಿ ಓಡಿಸುವ ಕಿರುಮಾದರಿಗೆ ಮಾಡ್ಯುಲರ್ ರೈಲುಮಾರ್ಗವೆಂದು ಹೆಸರು. ಕೋಣೆ ತುಂಬುವ ಸ್ಥಿರ ಮಾದರಿಗೆ ನಮ್ಮ ಮನೆಗಳಲ್ಲಿ ಸ್ಥಳವಿರುವುದಿಲ್ಲ. ಒಂದು ಹಲಗೆಯನ್ನು ಅಟ್ಟದ ಮೇಲೋ ಮಂಚದ ಕೆಳಗೋ ಇರಿಸಬಹುದು. ಹಲವು ಊರುಗಳಿಂದ ಬರುವ ಕನ್ನಡ ಮಾಧ್ಯಮದ ಮಕ್ಕಳು ಮನೆಗೊಂದರಂತೆ ಕಟ್ಟಿ ಶಾಲೆಯಲ್ಲಿ ಒಂದುಗೂಡಿಸಲು ಇದು ತಕ್ಕ ಕೆಲಸವೆಂದು ನಾವು ಭಾವಿಸುತ್ತೇವೆ.

ಪ್ರಮಾಣ ಮತ್ತು ಗೇಜ್

ಎಚ್‌ಒ ಪ್ರಮಾಣವೆಂದರೆ 1:87, ಹಳಿಗಳ ಅಂತರ 16.5 ಮಿ.ಮೀ. ಎನ್ ಪ್ರಮಾಣವೆಂದರೆ 1:160, ಅಂತರ 9 ಮಿ.ಮೀ. ಇವೆರಡೂ 1435 ಮಿ.ಮೀ. ಅಂತರದ ಸ್ಟ್ಯಾಂಡರ್ಡ್ ಗೇಜಿಗೆ ಹೊಂದುವಂಥವು. ಭಾರತದ ಬ್ರಾಡ್ ಗೇಜ್ 1676 ಮಿ.ಮೀ.; ಅದನ್ನು 160ರಿಂದ ಭಾಗಿಸಿದರೆ ಸುಮಾರು 10.5 ಮಿ.ಮೀ. ಬರುತ್ತದೆ. ಆದುದರಿಂದ ಎನ್ ಹಳಿಯು ನಮ್ಮ ಗಾಡಿಗೆ ಒಂದೂವರೆ ಮಿ.ಮೀ. ಕಿರಿದು, ಈ ಕೊರತೆಯನ್ನು ಒಪ್ಪಿಕೊಂಡೇ ಕಟ್ಟಬೇಕು. ನೀಲಗಿರಿ ಬೆಟ್ಟದ ರೈಲಿನದು 1000 ಮಿ.ಮೀ.ಗಳ ಮೀಟರ್ ಗೇಜ್. ಅದು 6.25 ಮಿ.ಮೀ.ಗೆ ಇಳಿಯುವುದರಿಂದ ಝಡ್ ಪ್ರಮಾಣದ 6.5 ಮಿ.ಮೀ. ಹಳಿ ಸಾಕಾಗುತ್ತದೆ. ಅನುಪಾತದ ಪಾಠವನ್ನು ಮಕ್ಕಳು ಇಲ್ಲಿ ಕೈಯಿಂದಲೇ ಕಲಿಯುತ್ತಾರೆ.

ಅಂಚಿನ ಒಪ್ಪಂದ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹವ್ಯಾಸಿಗಳು ಎನ್‌ಟ್ರ್ಯಾಕ್ ಎಂಬ ನಿಯಮಾವಳಿಯನ್ನು ರೂಪಿಸಿದರು. ಸಾಮಾನ್ಯ ಹಲಗೆ 4 ಅಡಿ ಉದ್ದ, 2 ಅಡಿ ಅಗಲ. ನೆಲದಿಂದ ಹಳಿಗೆ 40 ಅಂಗುಲ ಎತ್ತರ. ಮೂರು ಮುಖ್ಯ ಹಳಿಮಾರ್ಗಗಳು ಮುಂದಿನ ಅಂಚಿನಿಂದ 4, 5.5 ಮತ್ತು 7 ಅಂಗುಲಗಳ ದೂರದಲ್ಲಿರುತ್ತವೆ. ಹಳಿಗಳು ಹಲಗೆಯ ತುದಿಗಿಂತ ಸ್ವಲ್ಪ ಒಳಗೇ ನಿಲ್ಲುತ್ತವೆ. ಎರಡು ಹಲಗೆಗಳ ನಡುವೆ ಸುಮಾರು 5 ಅಂಗುಲದ ಕೂಡುಹಳಿಯನ್ನು ಕೂರಿಸುತ್ತಾರೆ. ತುದಿಯ ನಿಯಮ ಎಲ್ಲರಿಗೂ ಒಂದೇ; ನಡುವಿನ ದೃಶ್ಯ ಕಟ್ಟುವವರ ಇಚ್ಛೆಗೆ ಬಿಟ್ಟದ್ದು.

ಕಟ್ಟುವ ಕ್ರಮ

ಮೊದಲು ಎಲ್ಲ ಮನೆಗಳೂ ಒಂದೇ ಅಳತೆಯನ್ನು ಒಪ್ಪಬೇಕು. ಒಬ್ಬರು ಅಂಗುಲದಲ್ಲಿ, ಇನ್ನೊಬ್ಬರು ಅಂದಾಜಿನ ಸೆಂಟಿಮೀಟರಿನಲ್ಲಿ ಅಳೆದರೆ ಗಾಡಿ ದಾಟದು. ಹಳಿಯ ಸ್ಥಾನ ಗುರುತಿಸಿದ ಒಂದು ರಟ್ಟಿನ ಅಚ್ಚನ್ನು ಮಾಡಿ ಎಲ್ಲ ಮನೆಗಳಿಗೂ ಅದನ್ನೇ ಕಳುಹಿಸುವುದು ಲೇಸು. ಮರದ ಚೌಕಟ್ಟಿಗೆ ಪ್ಲೈವುಡ್ ಹೊದಿಸಿ, ಮಟ್ಟ ನೋಡಿ, ಹಳಿ ಕೂರಿಸಿ, ಪಕ್ಕದ ಹಲಗೆಗೆ ಕ್ಲಾಂಪ್ ಬಿಗಿಯಬೇಕು. ಮುಂದಿನ ಹಳಿಗೆ ಒಂದು ಬಣ್ಣದ ತಂತಿ, ಹಿಂದಿನದಕ್ಕೆ ಇನ್ನೊಂದು ಬಣ್ಣವೆಂಬುದೂ ಸಾಮೂಹಿಕ ನಿಯಮವೇ ಆಗಿರಲಿ. ಗಾಡಿಗೆ ಮಾದರಿ ರೈಲಿನ 12 ವೋಲ್ಟ್ ಡಿಸಿ ನಿಯಂತ್ರಕ ಸಾಕು. ಮನೆಯ 230 ವೋಲ್ಟ್ ವಿದ್ಯುತ್ತನ್ನು ಹಳಿಗೆ ಎಂದಿಗೂ ಕೊಡಬಾರದು. ಎಂಜಿನ್ ದುಬಾರಿಯಾದುದರಿಂದ ಇಡೀ ಶಾಲೆಗೆ ಒಂದೇ ಇದ್ದರೂ ಆದೀತು.

4 ಅಡಿಯ ಹಲಗೆ ಎನ್ ಪ್ರಮಾಣದಲ್ಲಿ ಸುಮಾರು 195 ಮೀಟರಿಗೆ ಸಮ. ಪೂರ್ಣ ನಿಲ್ದಾಣ ಅದರಲ್ಲಿ ಹಿಡಿಯದು. ಪ್ಲಾಟ್‌ಫಾರಮನ್ನು ಮೊಟಕುಗೊಳಿಸಿ, ಊರಿನ ಗುರುತಾದ ಒಂದು ಮರ, ಒಂದು ಗೇಟು, ಕನ್ನಡದ ಒಂದು ನಾಮಫಲಕವನ್ನು ಉಳಿಸಿಕೊಳ್ಳಬೇಕು.

ಹೋಟಗಿ–ಗದಗ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಬ್ರಾಡ್ ಗೇಜಿನ ಗಾಡಿ ಅದರ ಮೇಲೆ ಓಡಲಾರದಾಗಿತ್ತು; ಪ್ರಯಾಣಿಕರು ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು. ಅಳತೆಯ ಒಪ್ಪಂದದ ಬೆಲೆ ಏನೆಂಬುದನ್ನು ಮನೆಯ ಹಿರಿಯರಿಂದ ಈ ಕಥೆ ಕೇಳಿಸಿಯೇ ಮಕ್ಕಳಿಗೆ ತಿಳಿಸಬಹುದು. ಬಳಿಕ ಅಳತೆಪಟ್ಟಿ ಕೈಗೆ ಕೊಡೋಣ.