ಊರಿನ ನಾಡಿ ಹಿಡಿದ ಪಂಡಿತ

ಪ್ಲೇಗು ಎಂಬ ಮಾತು ನಮ್ಮ ಹಿರಿಯರಿಗೆ ಕಾಲವನ್ನೆಣಿಸುವ ಗುರುತಾಗಿತ್ತು. 1898ರಲ್ಲಿ ಆ ಮಾರಿ ಬೆಂಗಳೂರನ್ನು ಹೊಕ್ಕ ಬಳಿಕ ಜನ ಪೇಟೆಯ ಇಕ್ಕಟ್ಟನ್ನು ತೊರೆದು ಹೊರಟರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಹಾಗೆ. ಹೋಗಬಲ್ಲವರು ಹೋದರು, ಸರಿ. ಹೋಗಲಾರದ ಬಡವರ ಗತಿಯೇನು? ದೇಶದ ಅನೇಕ ಪಟ್ಟಣಗಳಲ್ಲಿ ಆಗಿನ ಅಧಿಕಾರಿಗಳಿಗೆ ತೋಚುತ್ತಿದ್ದ ಮದ್ದು ಒಂದೇ: ಹಳೆಯ ಕೇರಿಯನ್ನು ಕೆಡವಿ ನಡುವೆ ನೇರವಾದ ಅಗಲ ರಸ್ತೆಯನ್ನೆಳೆಯುವುದು. ಮನೆ ಕಳೆದುಕೊಂಡವರು ಪಕ್ಕದ ಕೇರಿಯನ್ನು ಸೇರಿ, ಅಲ್ಲಿನ ಇಕ್ಕಟ್ಟು ಇಮ್ಮಡಿಯಾಗುತ್ತಿತ್ತು.

ಇದು ಚಿಕಿತ್ಸೆಯೇ ಅಲ್ಲವೆಂದು ಹೇಳಿದವನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. 1854ರಲ್ಲಿ ಹುಟ್ಟಿದ ಈತ ಇಂಜಿನಿಯರನಲ್ಲ. ಡಂಡೀ ನಗರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ತರುಣನಾಗಿದ್ದಾಗ ಮೆಕ್ಸಿಕೋ ದೇಶದಲ್ಲಿ ಕೆಲಕಾಲ ಕಣ್ಣು ಕಾಣದಾಗಿ, ಸೂಕ್ಷ್ಮದರ್ಶಕದ ಕೆಲಸಕ್ಕೆ ಎರವಾದ. ಆಮೇಲೆ ಅವನ ದೃಷ್ಟಿ ಊರುಗಳ ಕಡೆಗೆ ತಿರುಗಿತು. ಗಿಡಕ್ಕೆ ಮಣ್ಣು, ನೀರು, ಬೆಳಕು ಹೇಗೋ ಹಾಗೆ ಊರಿಗೆ ಅದರ ನೆಲ, ಕಸುಬು, ಜನ. ಇವನ್ನು ಬೇರೆಬೇರೆಯಾಗಿ ಓದಿದರೆ ಊರು ಅರ್ಥವಾಗದೆಂಬುದು ಅವನ ಸಿದ್ಧಾಂತ. ಭೂಗೋಳ, ಇತಿಹಾಸ, ಅರ್ಥಶಾಸ್ತ್ರಗಳನ್ನು ಬೇರೆಬೇರೆ ಪೀರಿಯಡ್ಡುಗಳಲ್ಲಿ ಕಲಿಸುವ ನಮ್ಮಂಥವರಿಗೆ ಇದು ಸ್ವಲ್ಪ ಚುಚ್ಚುವ ಮಾತೇ.

ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡರು 1914ರಲ್ಲಿ ಅವನನ್ನು ಕರೆಸಿದರು. ನಗರಗಳ ನಕ್ಷೆ, ಚಿತ್ರಗಳ ಅವನ ಪ್ರದರ್ಶನಸಾಮಗ್ರಿಯನ್ನು ಹೊತ್ತು ಬರುತ್ತಿದ್ದ ಹಡಗನ್ನು ಜರ್ಮನರ ಎಮ್ಡನ್ ನೌಕೆ ಮುಳುಗಿಸಿತು. ಮದರಾಸಿನ ಮೇಲೆ ಗುಂಡು ಹಾರಿಸಿದ ಎಮ್ಡನ್ ಅದೇ! ಗೆಳೆಯರು ಇನ್ನೊಂದು ಸಂಗ್ರಹವನ್ನು ಕೂಡಿಸಿ ಕಳುಹಿದರು.

ವೈದ್ಯನಿಗೆ ನಮ್ಮಲ್ಲಿ ಪಂಡಿತನೆಂಬ ಹೆಸರುಂಟಷ್ಟೆ. ಪಂಡಿತ ಮೊದಲು ನಾಡಿ ನೋಡುತ್ತಾನೆ. ಗೆಡ್ಡಿಸ್ ಕೂಡ ನಕ್ಷೆಯನ್ನು ಕೈಯಲ್ಲಿ ಹಿಡಿದು ಓಣಿ ಓಣಿ ಅಲೆದು, ಬಾವಿ, ಕೊಳ, ಗುಡಿ, ಮರ, ಹಿತ್ತಿಲುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದ. ಮನೆಯಂಗಳದ ತುಲಸಿಯನ್ನು ಕಂಡರೆ ಅವನಿಗೆ ಬಲು ಸಂತೋಷ. ಚೊಕ್ಕಟವಾದ ಸಂಸಾರದ ಲಕ್ಷಣ ಅದೆಂದು ಬರೆದಿದ್ದಾನೆ. ತಂಜಾವೂರಿನ ಒಂದು ಕೇರಿಯಲ್ಲಿ ಹಳೆಯ ರೀತಿಯಂತೆ ರಸ್ತೆ ಕಡಿಯಲು 30,000 ರೂಪಾಯಿ ಬೇಕಾಗುತ್ತಿತ್ತು. ತೀರ ಪಾಳುಬಿದ್ದ ಕೆಲವು ಮನೆಗಳನ್ನಷ್ಟೆ ತೆಗೆದು, ಆ ಬಯಲುಗಳನ್ನು ಗಾಳಿಬೆಳಕಿಗೆ ಬಿಟ್ಟು, ಮರ ನೆಟ್ಟರೆ ಸಾಕೆಂದ ಇವನ ಅಂದಾಜು 5,000. ಹಣಕ್ಕಿಂತ ಹೆಚ್ಚಾಗಿ, ಸೂರು ಉಳಿಯುವ ಸಂಸಾರಗಳ ಲೆಕ್ಕ ಅದರಲ್ಲಿತ್ತು.

ಇಂದೂರಿನದು ಇನ್ನೂ ಸೊಗಸಾದ ಕಥೆ. ಕೈಯಲ್ಲಿ ನಕ್ಷೆ ಹಿಡಿದ ಸಾಹೇಬ ಬಂದರೆ ಮನೆ ಬಿತ್ತೆಂದೇ ಅಲ್ಲಿನ ಜನದ ಅಂಜಿಕೆ. ಆಗ ಗೆಡ್ಡಿಸ್ ಒಂದು ದಿನದ ಮಟ್ಟಿಗೆ ಮಹಾರಾಜನ ಅಧಿಕಾರವನ್ನು ಬೇಡಿ ಪಡೆದು ದೀಪಾವಳಿಗೆ ಮೆರವಣಿಗೆಯನ್ನು ಸಾರಿದ. ಹೆಚ್ಚು ಮನೆಗಳು ಚೊಕ್ಕಟವಾಗಿರುವ ಬೀದಿಗಳಲ್ಲೇ ಅದು ಸಾಗುವುದೆಂದು ಡಂಗುರವಾಯಿತು. ಕೇಳಬೇಕೆ? ಗಾಡಿಗಟ್ಟಲೆ ಕಸ ಊರಿನಿಂದಾಚೆಗೆ ಹೋಯಿತು. ಕೊಳಕಿನ ರಾಕ್ಷಸ, ಪ್ಲೇಗನ್ನು ತರುವ ದೈತ್ಯ ಇಲಿ, ಇವುಗಳ ಹಿಂದೆ ಬಿಳಿಯ ಬಟ್ಟೆಯುಟ್ಟು ಹಾರ ಧರಿಸಿದ ಬೀದಿ ಗುಡಿಸುವವರು ನಡೆದರು. ಅವರ ಗಾಡಿಗಳಿಗೆ ಹೊಸ ಬಣ್ಣ. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಸುಟ್ಟರು. ಎಂದೂ ಮೆರವಣಿಗೆಯ ಅಂಚಿಗೂ ಸೇರದವರು ಅಂದು ಅದರ ಮಧ್ಯದಲ್ಲಿದ್ದರು. ನನ್ನ ಮಟ್ಟಿಗೆ ಇಡೀ ವೃತ್ತಾಂತದ ಸಾರ ಇದೇ.

ಮೆರವಣಿಗೆಯಿಂದ ಚರಂಡಿ ಹರಿಯದೆಂಬ ಆಕ್ಷೇಪಣೆ ನ್ಯಾಯವೇ. ಆದರೆ ಅವನು ಅಷ್ಟಕ್ಕೇ ನಿಲ್ಲಲಿಲ್ಲ. 1918ರಲ್ಲಿ ಇಂದೂರಿನ ವರದಿ ಎರಡು ಸಂಪುಟಗಳಾಗಿ ಹೊರಬಿತ್ತು. ಅದಕ್ಕೆ ಹಿಂದಿನ ವರ್ಷವೇ ಹಿರಿಯ ಮಗ ಯುದ್ಧದಲ್ಲಿ ಮಡಿದಿದ್ದ. ಹೆಂಡತಿಯೂ ಭಾರತದಲ್ಲೇ ಜ್ವರದಿಂದ ತೀರಿಕೊಂಡಿದ್ದಳು.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರನೀತಿಯ ಪೀಠ ಅವನಿಗೆ ದೊರೆಯಿತು. ಮುಂದೆ ಆ ವಿಭಾಗವನ್ನು ನಡೆಸಿದವರು ಜಿ. ಎಸ್. ಘುರ್ಯೆ. ಗೆಡ್ಡಿಸ್ 1932ರಲ್ಲಿ ಫ್ರಾನ್ಸಿನಲ್ಲಿ ಕಾಲವಾದ. ಅವನ ಭಾರತದ ವರದಿಗಳ ಆಯ್ದ ಭಾಗಗಳು ಒಂದು ಪುಸ್ತಕವಾಗಿ ಬಂದದ್ದು 1947ರಲ್ಲಿ.