ಹಾಲೂ ಪಾಲೂ

ತರವಾಡು ಮನೆಯ ಪಾಲುಪಂಚಾತಿಗೆ ದಿನ ಅಜ್ಜಿ ಎಲ್ಲೋರಿಂಗೂ ಹಾಲು ಕಾಸಿ ಕೊಟ್ಟವು. ಎನ್ನ ತಲೆಲಿ ಒಳುದ್ದು ಒಂದು ಶಬ್ದ: ಪಾಲು.

ನವಗೆ ಪಾಲು ಹೇಳಿರೆ ಹಿಸ್ಸೆ. ತೆಲುಗಿನವಕ್ಕೆ ಅದು ಹಾಲೂ ಅಪ್ಪು, ಹಿಸ್ಸೆಯೂ ಅಪ್ಪು. ತಮಿಳಿನ ‘ಪಾಲ್’ ಕೂಡ ಹಾಂಗೇ. ಕುಡಿವ ಹಾಲಿಂಗೂ ಅದೇ, ಭಾಗಕ್ಕೂ ಅದೇ. ತಿರುಕ್ಕುರಳಿನ 3 ಭಾಗಂಗೊಕ್ಕೆ, ವ್ಯಾಕರಣದ ಲಿಂಗಕ್ಕೆ ಎಲ್ಲ ‘ಪಾಲ್’ ಹೇಳಿಯೇ ಹೆಸರು. ತುಳುವಿಲಿ ಹಿಸ್ಸೆ ‘ಪಾಲ್’, ಹಾಲು ಮಾಂತ್ರ ‘ಪೇರ್’.

ಕನ್ನಡಲ್ಲಿಯೂ ಮದಲು ಎರಡಕ್ಕೂ ಒಂದೇ ಉಚ್ಚಾರ. 10ನೇ ಶತಮಾನದ ಪಂಪನ ಕಾಲಲ್ಲಿ ಹಾಲು ಹೇಳಿರೆ ‘ಪಾಲ್’. ಮತ್ತೆ ನಿಧಾನಕ್ಕೆ ಪಕಾರ ಹಕಾರ ಆತು. ಪುಲಿ ಹುಲಿ ಆತು, ಪಾವು ಹಾವು ಆತು, ಪಾಲ್ ಹಾಲು ಆತು. ಹಿಸ್ಸೆಯ ಪಾಲು ಮಾಂತ್ರ ಇದ್ದ ಹಾಂಗೇ ಒಳುದತ್ತು.

ಉಚ್ಚಾರ ಒಂದೇ ಹೇಳಿ ಬೇರೂ ಒಂದೇ ಹೇಳ್ಲೆ ಎಡಿಯ. ಬರೋ-ಎಮಿನೋ ಅವರ ದ್ರಾವಿಡ ನಿಘಂಟಿಲಿ ಎರಡಕ್ಕೂ ಬೇರೆಬೇರೆ ಜಾಗೆ. ಆದರೆ ಒಂದರ ಹತ್ತರೆ ಇನ್ನೊಂದು.

ಅಜ್ಜಿಗೆ ಈ ಲೆಕ್ಕ ಯಾವುದೂ ಗೊಂತಿತ್ತಿಲ್ಲೆ. ಆ ದಿನ ಮನೆ ನಾಲ್ಕು ಪಾಲಾತು. ಹಾಲು ಕಾಸಿದ್ದು ಒಂದೇ ಪಾತ್ರಲ್ಲಿ.