ಪ್ಯಾರಾಗ್ಲೈಡಿಂಗ್

ಎಂಜಿನ್ನಾಗಲಿ ಗಟ್ಟಿ ಚೌಕಟ್ಟಾಗಲಿ ಇಲ್ಲದ ಬಟ್ಟೆಯ ರೆಕ್ಕೆಯ ಕೆಳಗೆ ಕುಳಿತು ಹಾರುವ ಸಾಹಸಕ್ರೀಡೆ. ಪ್ಯಾರಾಚೂಟ್‌ನಿಂದಲೇ ಹುಟ್ಟಿದರೂ ಇದರ ಗುರಿ ಬೇರೆ: ಅದು ಸುರಕ್ಷಿತವಾಗಿ ಇಳಿಯುವುದಕ್ಕೆ, ಇದು ಮೇಲೆಯೇ ಉಳಿಯುವುದಕ್ಕೆ. ಅಮೆರಿಕದ ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ರೂಪಿಸಿದ ಕೋಶಗಳುಳ್ಳ ಪ್ಯಾರಾಚೂಟ್ ಇದಕ್ಕೆ ಬುನಾದಿ. 1978ರಲ್ಲಿ ಫ್ರಾನ್ಸಿನ ಆಲ್ಪ್ಸ್ ಸೀಮೆಯ ಮ್ಯೋಸಿ ಎಂಬಲ್ಲಿ ಮೂವರು ಪ್ಯಾರಾಚೂಟ್ ಪಟುಗಳು ವಿಮಾನದ ಹಂಗಿಲ್ಲದೆ, ಇಳಿಜಾರಿನಲ್ಲಿ ಓಡಿಯೇ ಗಾಳಿಗೇರಿದರು. ಕ್ರೀಡೆ ಬೆಳೆದದ್ದು ಅಲ್ಲಿಂದ.

ರೆಕ್ಕೆಯ ಮುಂದಂಚಿನ ಬಾಯಿಗಳಿಂದ ಗಾಳಿ ನುಗ್ಗಿ ಕೋಶಗಳು ಉಬ್ಬುತ್ತವೆ; ಆ ಒತ್ತಡವೇ ಮೆತ್ತನೆಯ ಬಟ್ಟೆಗೆ ರೆಕ್ಕೆಯ ಆಕಾರ ಕೊಡುತ್ತದೆ. ಎಡ ಬಲದ ಬ್ರೇಕ್ ದಾರಗಳನ್ನು ಎಳೆದು, ಮೈಭಾರವನ್ನು ವಾಲಿಸಿ ದಿಕ್ಕು ಬದಲಿಸುತ್ತಾರೆ. ನಿಜವಾದ ಕೌಶಲವಿರುವುದು ಕಣ್ಣಿಗೆ ಕಾಣದ ಗಾಳಿಯನ್ನು ಓದುವುದರಲ್ಲಿ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬದೊಳಗೆ ಸುತ್ತು ಹಾಕುತ್ತಾ ಏರಬೇಕು. ವೇರಿಯೋಮೀಟರ್ ಎಂಬ ಉಪಕರಣ ಸದ್ದು ಮಾಡಿ ಏರಿಕೆಯನ್ನು ತಿಳಿಸುತ್ತದೆ. ಅದಕ್ಕೂ ಮೊದಲೇ ಸುಳಿವು ಕೊಡುವುದು ರೆಕ್ಕೆ ಬಡಿಯದೆ ಸುತ್ತುವ ಹದ್ದುಗಳು. ನುರಿತವರು ಹೀಗೆ ಗಂಟೆಗಟ್ಟಲೆ ಹಾರಿ ನೂರಾರು ಕಿಲೋಮೀಟರ್ ಸಾಗಬಲ್ಲರು.

ಕದಡಿದ ಗಾಳಿಯಲ್ಲಿ ರೆಕ್ಕೆ ಕುಸಿಯಬಹುದು. ಆದ್ದರಿಂದ ಹೆಲ್ಮೆಟ್ಟು, ತುರ್ತು ಪ್ಯಾರಾಚೂಟ್ ಇರಲೇಬೇಕು. ಗುಡುಗುಮೋಡ ಕಂಡ ದಿನ ಹಾರದಿರುವುದೂ ಪೈಲಟ್‌ನ ವಿದ್ಯೆಯೇ. ಹೊಸಬರು ತರಬೇತಾದ ಪೈಲಟ್‌ನ ಜೊತೆ ಜೋಡಿ ಹಾರಾಟ ಮಾಡಬಹುದು.

ಭಾರತದಲ್ಲಿ ಹಿಮಾಚಲ ಪ್ರದೇಶದ ಬೀರ್-ಬಿಲ್ಲಿಂಗ್ ಹೆಸರುವಾಸಿ. ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗ್‌ನಿಂದ ಗಾಳಿಗೇರಿ, ಧೌಲಾಧಾರ್ ಬೆಟ್ಟಸಾಲಿನ ಮಗ್ಗುಲಲ್ಲಿ ತೇಲಿ, ಬೀರ್ ಊರಿನ ಬಯಲಿಗೆ ಇಳಿಯುತ್ತಾರೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಇಲ್ಲಿ ನಡೆಯಿತು.